ಕಣವಿಲ್ಲದ ಬೆಳೆ

ನಮ್ಮ ದಾದಾ ಕಲಾಯಿ ಹಾಕುವವರು. ತಿದಿ, ಇದ್ದಿಲಿನ ಚೀಲ, ತವರದ ತುಂಡು, ನವಸಾಗರದ ಪೊಟ್ಟಣ ಇಷ್ಟನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೊಸಕೋಟೆಯ ಸುತ್ತಲಿನ ಹಳ್ಳಿಗಳಿಗೆ ಹೋಗುತ್ತಿದ್ದರು. ಸಮೇತನಹಳ್ಳಿಯೂ ಅವುಗಳಲ್ಲಿ ಒಂದು. ಪಾತ್ರೆಗೆ ಕಲಾಯಿ ಹಾಕಿಸಿಕೊಂಡ ಮನೆಯವರೆಲ್ಲ ಕೈಮೇಲೆ ದುಡ್ಡು ಕೊಡುತ್ತಿರಲಿಲ್ಲ. ‘ಸುಗ್ಗಿಗೆ ಬನ್ನಿ ಸಾಬ್ರೇ’ ಎನ್ನುತ್ತಿದ್ದರು. ದಾದಾ ಲೆಕ್ಕ ಬರೆದಿಡುತ್ತಿರಲಿಲ್ಲ. ಸುಗ್ಗಿ ಬಂದಾಗ ಖಾಲಿ ಗೋಣಿಚೀಲ ಹಿಡಿದು ಕಣಕ್ಕೆ ಹೋಗುತ್ತಿದ್ದರು.

1980ರ ದಶಕದ ನಡುವಿನಲ್ಲಿ, ನಾವು ಐದಾರು ವರ್ಷದವರಿದ್ದಾಗ, ಒಮ್ಮೆ ಅವರ ಜೊತೆ ಹೋದ ನೆನಪಿದೆ. ಸಗಣಿ ಸಾರಿಸಿದ ಕಣದಲ್ಲಿ ರೋಣಗಲ್ಲು ಹೊಡೆದು, ರಾಗಿ ತೂರಿ, ರಾಶಿ ಮಾಡಿದ್ದರು. ರಾಶಿಯ ಸುತ್ತ ಜನ ನೆರೆದಿದ್ದರು. ನೇಗಿಲು ಕುಂಟೆ ರಿಪೇರಿ ಮಾಡಿದ ಬಡಗಿ, ಗುಳ ಹಣಿದುಕೊಟ್ಟ ಕಮ್ಮಾರ, ಬಟ್ಟೆ ಒಗೆದ ಅಗಸ, ಕ್ಷೌರಿಕ, ಕಳೆ ಕಿತ್ತ ಹೆಂಗಸರು, ಕೊನೆಯಲ್ಲಿ ನಮ್ಮ ದಾದಾ. ಒಬ್ಬೊಬ್ಬರಿಗೂ ಮೊರದಲ್ಲಿ ಅಳೆದು ಹಾಕಿದ ಮೇಲೆಯೇ ಉಳಿದ ರಾಗಿ ಗೌಡರ ಮನೆಯ ಹಗೇವು ಸೇರಿತು. ಒಂದು ಹೊಲದ ಬೆಳೆಯಲ್ಲಿ ಇಷ್ಟು ಜನರಿಗೆ ಪಾಲಿದೆ ಎಂಬುದು ಆಗ ನಮಗೆ ವಿಶೇಷವಾಗಿ ಕಾಣಲಿಲ್ಲ. ಅದು ಇಲ್ಲವಾದ ಮೇಲೆಯೇ ವಿಶೇಷವೆನಿಸಿತು.

ಈಗ ವೈಟ್‌ಫೀಲ್ಡ್‌ನಿಂದ ಹೊಸಕೋಟೆಗೆ ಹೋಗುವ ದಾರಿಯಲ್ಲಿ ಸಮೇತನಹಳ್ಳಿಯನ್ನು ಹಾದುಹೋಗುವವರಿಗೆ ಲಾರಿಗಳು, ಗೋದಾಮುಗಳು, ಲೇಔಟಿನ ಕಮಾನುಗಳು ಕಾಣುತ್ತವೆ. ರಾಗಿ ಹೊಲದಿಂದ ಲೇಔಟಿಗೆ ನಾವು ನೇರವಾಗಿ ಬರಲಿಲ್ಲ. ನಡುವೆ ಒಂದು ಘಟ್ಟವಿತ್ತು. ಅದರ ಹೆಸರು ನೀಲಗಿರಿ.

ನೀಲಗಿರಿ ಈ ಸೀಮೆಗೆ ಹೊಸದಲ್ಲ. 1790ರ ಸುಮಾರಿಗೆ ಟಿಪ್ಪು ಸುಲ್ತಾನ್ ನಂದಿಬೆಟ್ಟದ ತನ್ನ ತೋಟದಲ್ಲಿ ಇದನ್ನು ಬೆಳೆಸಿದನೆಂದು ಅರಣ್ಯಶಾಸ್ತ್ರದ ಪುಸ್ತಕಗಳು ಹೇಳುತ್ತವೆ. ತೋಟದಲ್ಲಿ ನಾಲ್ಕು ಮರವಾಗಿದ್ದದ್ದು ಹೊಲಕ್ಕೆ ಬೆಳೆಯಾಗಿ ಇಳಿದದ್ದು ನಮ್ಮ ಕಾಲದಲ್ಲಿ. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಸಾಮಾಜಿಕ ಅರಣ್ಯ ಯೋಜನೆ ಬಂತು. ಹಳ್ಳಿಯ ಬಡವರಿಗೆ ಸೌದೆ, ದನಕ್ಕೆ ಮೇವು ಸಿಗಲಿ ಎಂಬುದು ಅದರ ಘೋಷಿತ ಉದ್ದೇಶ. ಆದರೆ ಕೋಲಾರ, ಬೆಂಗಳೂರು ಗ್ರಾಮಾಂತರದ ಬಯಲಿನಲ್ಲಿ ಸಸಿಗಳು ಹೋಗಿ ಕೂತದ್ದು ರಾಗಿ ಹೊಲದಲ್ಲಿ. ದನ ಬಾಯಿ ಹಾಕದ ಮರಕ್ಕೆ ಬೇಲಿಯೂ ಬೇಡ, ಕಾವಲೂ ಬೇಡ. ಒಮ್ಮೆ ನೆಟ್ಟರೆ ಐದಾರು ವರ್ಷಕ್ಕೆ ಕಡಿತ. ಕಡಿದ ಬೊಡ್ಡೆಯಿಂದ ಮತ್ತೆ ಚಿಗುರು, ಮತ್ತೆ ಕಡಿತ. ತಿರುಳು ಕಾರ್ಖಾನೆಗೆ, ಇಟ್ಟಿಗೆ ಗೂಡಿಗೆ, ಬೆಂಗಳೂರಿನ ಕಟ್ಟಡಗಳ ಸೆಂಟ್ರಿಂಗ್ ಕಂಬಕ್ಕೆ ಮರ ಹೋಯಿತು. ಕಡಿಯುವ ಗುತ್ತಿಗೆ ಹಿಡಿದವರಲ್ಲಿ, ಲಾರಿ ಓಡಿಸಿದವರಲ್ಲಿ ನಮ್ಮ ಬಂಧುಗಳೂ ಇದ್ದರು. ನಮ್ಮ ಮನೆಗೂ ಆ ದುಡ್ಡು ಬಂದಿದೆ. ಆದ್ದರಿಂದ ಈ ಮಾತನ್ನು ದೂರ ನಿಂತು ಹೇಳುವ ಹಕ್ಕು ನಮಗಿಲ್ಲ.

ವಿರೋಧ ಇರಲಿಲ್ಲವೆಂದಲ್ಲ. 1983ರ ಆಗಸ್ಟ್‌ನಲ್ಲಿ ತುಮಕೂರು ಜಿಲ್ಲೆಯ ರೈತರು ಅರಣ್ಯ ಇಲಾಖೆಯ ನರ್ಸರಿಗೆ ನುಗ್ಗಿ ನೀಲಗಿರಿ ಸಸಿಗಳನ್ನು ಕಿತ್ತುಹಾಕಿ, ಆ ಜಾಗದಲ್ಲಿ ಹುಣಸೆ, ಮಾವಿನ ಬೀಜ ಊರಿದರು. ಈ ಮರ ಅಂತರ್ಜಲವನ್ನು ಹೀರುತ್ತದೆಯೇ ಇಲ್ಲವೇ ಎಂಬ ವಾದ ವರ್ಷಗಟ್ಟಲೆ ನಡೆಯಿತು. ಅದಕ್ಕೆ ಒಂದು ಉತ್ತರ ನಮ್ಮ ಹೊಸಕೋಟೆಯಿಂದಲೇ ಸಿಕ್ಕಿತು. ಬ್ರಿಟನ್ನಿನ ಜಲವಿಜ್ಞಾನಿಗಳು ಕರ್ನಾಟಕ ಅರಣ್ಯ ಇಲಾಖೆಯವರ ಜೊತೆ ಸೇರಿ ಇಲ್ಲಿ ಅಳತೆ ಮಾಡಿ, 1997ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಳೆ ಕಡಿಮೆಯಾಗಿದ್ದ ಮೂರು ವರ್ಷಗಳಲ್ಲಿ ಬಿದ್ದ ಮಳೆ ಒಟ್ಟು 2,100 ಮಿಲಿಮೀಟರ್. ಮರಗಳು ಬಳಸಿದ ನೀರು 3,400 ಮಿಲಿಮೀಟರ್. ಉಳಿದದ್ದು ಎಲ್ಲಿಂದ ಬಂತು? ಬೇರುಗಳು ವರ್ಷ ವರ್ಷಕ್ಕೂ ಆಳಕ್ಕಿಳಿದು, ಹಿಂದಿನ ಮಳೆಗಾಲಗಳು ಮಣ್ಣಿನಲ್ಲಿ ಉಳಿಸಿಟ್ಟಿದ್ದ ತೇವವನ್ನು ಎಳೆದುಕೊಂಡಿದ್ದವು. ಅಂದರೆ ಈ ಬೆಳೆ ಆ ವರ್ಷದ ಆದಾಯದಲ್ಲಿ ಬದುಕಲಿಲ್ಲ, ಹಿರಿಯರ ಉಳಿತಾಯವನ್ನು ತಿಂದಿತು.

ಹಾಗಾದರೆ ನೆಟ್ಟ ರೈತ ತಪ್ಪಿತಸ್ಥನೇ? ಇಷ್ಟು ಸುಲಭವಾಗಿ ತೀರ್ಪು ಕೊಡಲು ನಮಗೆ ಧೈರ್ಯವಿಲ್ಲ. ಕಳೆದ ಸುಗ್ಗಿಯಲ್ಲಿ ಸಮೇತನಹಳ್ಳಿಯ ಕಡೆ ಹೋದಾಗ, ದಾದಾನನ್ನು ಕಂಡಿದ್ದ ಹಿರಿಯರೊಬ್ಬರು ಸಿಕ್ಕರು. ಅವರೂ ಮೂರು ಎಕರೆಗೆ ನೀಲಗಿರಿ ಹಾಕಿದ್ದವರೇ. ಯಾಕೆ ಹಾಕಿದಿರಿ ಎಂದು ಕೇಳಿದೆವು. ‘ಇನ್ನೇನು ಮಾಡೋದಿತ್ತು ಸಾಬ್ರೇ? ಮಳೆ ಕೈಕೊಡ್ತು. ಆಳು ಸಿಗಲಿಲ್ಲ. ರಾಗಿ ಬೆಳೆದ್ರೆ ಕೇಳೋರಿಲ್ಲ. ಮಕ್ಕಳು ಫ್ಯಾಕ್ಟ್ರಿ ದಾರಿ ಹಿಡಿದ್ರು. ಬೀಡು ಬಿಡೋ ಬದಲು ಗಿಡ ನೆಟ್ಟೆ. ಮಗಳ ಮದುವೆ ಆ ಮರದಲ್ಲೇ ಆಯ್ತು’ ಎಂದರು. ಈ ಮಾತಿನಲ್ಲಿ ಸುಳ್ಳಿಲ್ಲ. ರಾಗಿ ಬೆಂಬಲ ಬೆಲೆ 2025–26ರ ಸಾಲಿಗೆ ಕ್ವಿಂಟಲಿಗೆ 4,886 ರೂಪಾಯಿ ಆಯಿತು. 2023ನ್ನು ಜಗತ್ತೆಲ್ಲ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಈ ಮರ್ಯಾದೆಯೆಲ್ಲ ಬಂದದ್ದು ರಾಗಿಯ ಹೊಲ ಕೈಬಿಟ್ಟುಹೋದ ಮೇಲೆ. ರಾಗಿ ತಿನ್ನುವವರನ್ನು ಬಡವರೆಂದು ಹೀಗಳೆದ ಪೇಟೆಯವರಾದ ನಾವು, ರಾಗಿ ಬಿತ್ತುವುದನ್ನು ನಿಲ್ಲಿಸಿದವನನ್ನು ದೂರುವುದು ನ್ಯಾಯವಲ್ಲ.

ಆದರೂ ಪ್ರಶ್ನೆ ಉಳಿಯುತ್ತದೆ. ನಮ್ಮ ಹೊಲದಲ್ಲಿ ನಮಗೆ ಇಷ್ಟಬಂದದ್ದನ್ನು ಬೆಳೆಯುವ ಹಕ್ಕು ನಮಗಿದೆಯೇ? ಪಹಣಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಕೆಳಗಿನ ನೀರೂ ನಮ್ಮದೇ? ಆ ಹೊಲದ ಕೆಲಸವನ್ನು ನಂಬಿದ್ದವರ ಅನ್ನ ನಮ್ಮ ಲೆಕ್ಕಕ್ಕೆ ಬರುವುದಿಲ್ಲವೇ?

ಉರ್ದು ಶಾಲೆಯಲ್ಲಿ ಓದಿ ಅನಂತರ ಕನ್ನಡ ಶಾಲೆಗೆ ಬಂದ ನಮ್ಮಂಥವರನ್ನು ಒಂದು ಪದ ಬಹಳ ಕಾಲ ಗೊಂದಲಕ್ಕೆ ಹಾಕಿತ್ತು. ಉರ್ದುವಿನಲ್ಲಿ ‘ಅಮಾನತ್’ ಎಂದರೆ ಇನ್ನೊಬ್ಬರು ನಮ್ಮನ್ನು ನಂಬಿ ನಮ್ಮ ಕೈಯಲ್ಲಿ ಇಟ್ಟ ವಸ್ತು. ಅದನ್ನು ಕಾಪಾಡಿ ಹಿಂತಿರುಗಿಸಬೇಕು. ಕನ್ನಡದ ಕಚೇರಿಗಳಲ್ಲಿ ‘ಅಮಾನತು’ ಎಂದರೆ ನೌಕರನನ್ನು ಕೆಲಸದಿಂದ ತಡೆಹಿಡಿಯುವುದು. ನೆಲದ ವಿಷಯದಲ್ಲಿ ಈ ಎರಡು ಅರ್ಥಗಳೂ ಒಂದರ ಹಿಂದೆ ಒಂದು ನಿಜವಾದವು. ನಮ್ಮ ಕೈಗೆ ಅಮಾನತ್ತಾಗಿ ಬಂದ ನೆಲವನ್ನು ನಾವು ಅಮಾನತಿನಲ್ಲಿಟ್ಟೆವು. ಅನ್ನ ಕೊಡುವ ಕೆಲಸದಿಂದ ಅದನ್ನು ಬಿಡಿಸಿ, ಸುಮ್ಮನೆ ನಿಲ್ಲಿಸಿ, ಹಣ ಮಾತ್ರ ಎಣಿಸಿಕೊಂಡೆವು.

ದೇವರಾಜ ಅರಸರ ಕಾಲದ 1974ರ ಭೂಸುಧಾರಣೆ ಕಾಯಿದೆಯ ತಿರುಳನ್ನು ‘ಉಳುವವನೇ ಹೊಲದೊಡೆಯ’ ಎಂದು ಜನ ನೆನಪಿಡುತ್ತಾರೆ. ಉಳುಮೆಯೇ ಒಡೆತನಕ್ಕೆ ಆಧಾರ ಎಂಬ ದೊಡ್ಡ ನೈತಿಕ ಮಾತು ಅದರಲ್ಲಿತ್ತು. ಹತ್ತು ವರ್ಷದೊಳಗೆ ಉಳುಮೆಯೇ ಬೇಡದ ಬೆಳೆ ಬಂತು. ಉಳದೆಯೂ ಒಡೆಯನಾಗಿರಬಹುದು, ಊರಲ್ಲಿರದೆಯೂ ರೈತನಾಗಿರಬಹುದು ಎಂದು ಅದು ಕಲಿಸಿತು. ನೀಲಗಿರಿಗೆ ಬಿತ್ತನೆಯ ಸಂಭ್ರಮವಿಲ್ಲ, ಕಳೆ ಕೀಳುವ ಹೆಂಗಸರ ಸಾಲಿಲ್ಲ. ಅಕ್ಕಡಿ ಸಾಲಿನ ಅವರೆ, ತೊಗರಿ, ಹುಚ್ಚೆಳ್ಳಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಅದಕ್ಕೆ ಕಣವಿಲ್ಲ. ಲಾರಿ ಹೊಲಕ್ಕೇ ಬರುತ್ತದೆ, ತೂಕವಾಗುತ್ತದೆ, ಹಣ ಒಬ್ಬನ ಕೈಗೆ ಹೋಗುತ್ತದೆ. ಗೋಣಿಚೀಲ ಹಿಡಿದು ಹೋಗಲು ಯಾರಿಗೂ ಜಾಗವಿಲ್ಲ.

ಇದಕ್ಕೆ ಪಕ್ಕದಲ್ಲಿಟ್ಟು ಹಿಪ್ಪುನೇರಳೆಯನ್ನು ನೋಡಬೇಕು. ದೇವನಹಳ್ಳಿ ತಾಲ್ಲೂಕಿನ ವಿಜಯಪುರದ, ಆಚೆ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಬರುವ ರೇಷ್ಮೆಯ ಹಿಂದೆ ಎಷ್ಟು ಕೈಗಳಿವೆ! ಸೊಪ್ಪು ಕೊಯ್ಯುವವರು, ಹುಳುವಿಗೆ ಹೊತ್ತು ಹೊತ್ತಿಗೆ ಸೊಪ್ಪು ಹಾಕುವವರು, ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಡುವವರು, ಗೂಡು ಬಿಡಿಸುವವರು. ಮಾರುಕಟ್ಟೆಯಲ್ಲಿ ಹರಾಜು ಕೂಗುವ ನೂಲು ಬಿಚ್ಚುವವರಲ್ಲಿ ಬಹಳ ಮಂದಿ ಮುಸ್ಲಿಮರು, ಗೂಡು ತಂದವರಲ್ಲಿ ಬಹಳ ಮಂದಿ ಒಕ್ಕಲಿಗರು. ಒಬ್ಬರಿಲ್ಲದೆ ಇನ್ನೊಬ್ಬರಿಗೆ ನಡೆಯದು. ಯಾವ ಸೌಹಾರ್ದ ಸಭೆಯೂ ಮಾಡದ ಕೆಲಸವನ್ನು ಆ ಹರಾಜಿನ ಜಗುಲಿ ದಿನವೂ ಮಾಡುತ್ತದೆ. ಒಂದು ಬೆಳೆ ಎಷ್ಟು ಹಣ ತಂದಿತು ಎಂಬುದರ ಜೊತೆಗೆ ಎಷ್ಟು ಕೈಗಳನ್ನು ಹಾದು ಬಂತು ಎಂಬುದನ್ನೂ ಕೇಳಿದರೆ ಮಾತ್ರ ಹಳ್ಳಿಯ ಲೆಕ್ಕ ಪೂರ್ತಿಯಾಗುತ್ತದೆ.

ಇಲ್ಲಿ ನಾವು ನಮ್ಮನ್ನೇ ತಡೆದು ನಿಲ್ಲಿಸಿಕೊಳ್ಳಬೇಕು. ಹಳೆಯ ಕಣ ಸ್ವರ್ಗವಾಗಿರಲಿಲ್ಲ. ಅಲ್ಲಿ ಯಾರು ಹತ್ತಿರ ನಿಲ್ಲಬೇಕು, ಯಾರು ದೂರ ನಿಲ್ಲಬೇಕು ಎಂಬುದನ್ನು ಜಾತಿ ತೀರ್ಮಾನಿಸುತ್ತಿತ್ತು. ಹೆಚ್ಚು ದುಡಿದವರಿಗೆ ಕೊನೆಯ ಮೊರ, ಜೊಳ್ಳು ಬೆರೆತ ರಾಗಿ. 1976ರಲ್ಲಿ ಕಾಯಿದೆ ಬಂದು ಜೀತವನ್ನು ನಿಷೇಧಿಸಬೇಕಾಯಿತೆಂದರೆ ಆ ಸುಗ್ಗಿಯ ಸಂಭ್ರಮದ ಅಡಿಯಲ್ಲಿ ಏನಿತ್ತೆಂದು ಊಹಿಸಬಹುದು. ರೇಷ್ಮೆಯ ಬಿಸಿನೀರಿನಲ್ಲಿ ಮಕ್ಕಳ ಕೈ ಬೆಂದ ಕಾಲವನ್ನೂ ನಾವು ಕಂಡಿದ್ದೇವೆ. ಹಳ್ಳಿ ಬಿಟ್ಟು ಕಾರ್ಖಾನೆ ಸೇರಿದ ಕೂಲಿಯವನ ಮಗನಿಗೆ ತಿಂಗಳ ಸಂಬಳದಲ್ಲಿ ಸಿಕ್ಕ ಗೌರವ ಕಣದ ಮೊರದಲ್ಲಿ ಸಿಗುತ್ತಿರಲಿಲ್ಲ. ಅವನು ಹಿಂದೆ ಬರಲಿ ಎಂದು ನಾವು ಹೇಳಲಾರೆವು.

ಆದರೆ ಕಣದ ಹಿಂದಿದ್ದ ಒಂದು ತಿಳಿವಳಿಕೆಯನ್ನು ಕೈಬಿಡಬೇಕಾಗಿಲ್ಲ. ನೆಲ ಕೊಟ್ಟದ್ದು ಒಬ್ಬನದಲ್ಲ ಎಂಬ ತಿಳಿವಳಿಕೆ ಅದು. ಇಸ್ಲಾಮಿನಲ್ಲಿ ಬೆಳೆಯ ಮೇಲೆ ‘ಉಶ್ರ್’ ಎಂಬ ಪಾಲಿದೆ. ಮಳೆಯ ನೀರಿನಲ್ಲಿ ಬೆಳೆದದ್ದಕ್ಕೆ ಹತ್ತರಲ್ಲಿ ಒಂದು, ಶ್ರಮಪಟ್ಟು ನೀರೆತ್ತಿ ಬೆಳೆದದ್ದಕ್ಕೆ ಇಪ್ಪತ್ತರಲ್ಲಿ ಒಂದು. ಇದು ಬೆಳೆದವನ ಔದಾರ್ಯವಲ್ಲ, ಇಲ್ಲದವರ ಹಕ್ಕು. ಅರಬ್ಬಿಯಿಂದ ಉರ್ದುವಿನ ಮೂಲಕ ಕನ್ನಡಕ್ಕೆ ಬಂದು ನಮ್ಮದೇ ಆಗಿಹೋದ ಪದ ‘ಹಕ್ಕು’. ಹಳೆಯ ಕಣದಲ್ಲಿ ಪಾಲಿತ್ತು, ಹಕ್ಕಿರಲಿಲ್ಲ. ಈಗ ಕಾನೂನಿನಲ್ಲಿ ಹಕ್ಕಿದೆ, ಪಾಲೇ ಇಲ್ಲ. ನಮ್ಮ ಪ್ರಶ್ನೆ ಇರುವುದು ಈ ಎರಡರ ನಡುವೆ.

ಸರ್ಕಾರ 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಒಳ್ಳೆಯದೇ. ಆದರೆ ಮರ ಹೋದ ಹೊಲಕ್ಕೆ ರಾಗಿ ಹಿಂದೆ ಬರುವುದು ಅಷ್ಟು ಸುಲಭವಲ್ಲ. ಬೊಡ್ಡೆ ಕೀಳಲು ಜೆಸಿಬಿಗೆ ದುಡ್ಡು ಬೇಕು, ಸತ್ತ ಮಣ್ಣಿಗೆ ಗೊಬ್ಬರ ಬೇಕು. ಅದಕ್ಕಿಂತ ಮುಖ್ಯವಾಗಿ, ಮೂವತ್ತು ವರ್ಷ ಹೊಲಕ್ಕೆ ಹೋಗುವ ಅಭ್ಯಾಸವೇ ತಪ್ಪಿದ ಮನೆಗೆ ಹೊಲದ ಮೇಲೆ ಮಮತೆ ಬೇಕು. ನೀಲಗಿರಿ ನೆಲದ ತೇವವನ್ನಷ್ಟೇ ಹೀರಲಿಲ್ಲ, ಮನುಷ್ಯನನ್ನು ಹೊಲದಿಂದ ಬಿಡಿಸಿತು. ಬಿಟ್ಟುಹೋದ ನೆಲವನ್ನು ಮಾರುವುದು ಸುಲಭ. 2020ರಲ್ಲಿ ಭೂಸುಧಾರಣೆ ಕಾಯಿದೆಗೆ ತಿದ್ದುಪಡಿ ತಂದು 79ಎ, 79ಬಿ ಕಲಮುಗಳನ್ನು ತೆಗೆದ ಮೇಲೆ ರೈತನಲ್ಲದವನೂ ಕೃಷಿ ಭೂಮಿ ಕೊಳ್ಳಬಹುದಾಯಿತು. ಉಳುವವನ ಹೊಲ ಎಂಬ ಮಾತಿಗೆ ಕಾಗದದ ಮೇಲೂ ಮುಕ್ತಾಯ ಬಿತ್ತು.

ಇದೇ ಜಿಲ್ಲೆಯಲ್ಲಿ ಬೇರೆ ದಾರಿ ಹಿಡಿದವರೂ ಇದ್ದಾರೆ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗೆ ತೆಗೆದುಕೊಳ್ಳಲು ಹೊರಟಾಗ ರೈತರು 2022ರಿಂದ ಮೂರು ವರ್ಷಕ್ಕೂ ಮೀರಿ ಧರಣಿ ಕೂತರು. 2025ರ ಜುಲೈನಲ್ಲಿ ಸರ್ಕಾರ ಸ್ವಾಧೀನವನ್ನು ಕೈಬಿಟ್ಟಿತು. ಅವರ ವಾದ ಸರಳವಾಗಿತ್ತು: ಇದು ಬೆಳೆಯುವ ನೆಲ, ಇದರಲ್ಲಿ ನಾವು ಬದುಕುತ್ತಿದ್ದೇವೆ. ಹೂ, ತರಕಾರಿ, ದ್ರಾಕ್ಷಿ, ಹಾಲು ಎಂದು ದಿನವೂ ದುಡಿಮೆ ಇರುವ ನೆಲದ ಪರವಾಗಿ ಎದ್ದು ನಿಲ್ಲಲು ಜನ ಇರುತ್ತಾರೆ. ಕಣವಿಲ್ಲದ ನೆಲದ ಪರವಾಗಿ ಯಾರು ನಿಲ್ಲುತ್ತಾರೆ?

ಸಮೇತನಹಳ್ಳಿಯ ಆ ಹಿರಿಯರು ಮೂರು ಎಕರೆಯಲ್ಲಿ ಎರಡನ್ನು ಮಾರಿದ್ದಾರೆ. ಉಳಿದ ಒಂದರ ಬೊಡ್ಡೆ ಕೀಳಿಸಿ ರಾಗಿ, ಅವರೆ ಬಿತ್ತಿದ್ದಾರೆ. ಮೊದಲ ವರ್ಷ ಬಿತ್ತಿದಷ್ಟೂ ಬರಲಿಲ್ಲವಂತೆ, ಈ ಸಲ ಪರವಾಗಿಲ್ಲವಂತೆ. ಒಕ್ಕಣೆ ಯಂತ್ರದಲ್ಲಾಯಿತು, ಕಣ ಮಾಡಲಿಲ್ಲ. ನಾವು ಹೊರಟಾಗ ಒಂದು ಚೀಲದಲ್ಲಿ ರಾಗಿ, ಅದರ ಮೇಲೆ ನಾಲ್ಕು ಹಿಡಿ ಅವರೆಕಾಯಿ ಹಾಕಿ ಕೊಟ್ಟರು. ದುಡ್ಡು ಕೊಡಹೋದೆವು, ಬೇಡವೆಂದರು. ‘ನಿಮ್ಮ ತಾತನಿಗೆ ಒಂದು ಸುಗ್ಗಿದು ಬಾಕಿ ಇತ್ತು ಸಾಬ್ರೇ. ಆ ವರ್ಷ ಗಿಡ ನೆಟ್ಟಿದ್ದೆ, ರಾಗಿ ಇರಲಿಲ್ಲ’ ಎಂದರು.

ಲೆಕ್ಕ ಬರೆದಿಡದ ದಾದಾ ತೀರಿಕೊಂಡು ಎಷ್ಟೋ ವರ್ಷವಾಯಿತು. ಬಾಕಿ ಇಟ್ಟುಕೊಂಡವರು ನೆನಪಿಟ್ಟುಕೊಂಡಿದ್ದರು. ಆ ನೀಲಗಿರಿಯನ್ನು ಕಡಿದು ಮಾರಿದವರ ಪೈಕಿ ನಾವೂ ಇದ್ದೇವಲ್ಲ, ನಮ್ಮ ಬಾಕಿ ಯಾರ ಹತ್ತಿರ ಎಷ್ಟಿದೆ ಎಂದು ನಾವೂ ಒಮ್ಮೆ ನೆನಪು ಮಾಡಿಕೊಳ್ಳಬೇಕಾಗಿದೆ.