ಲಕೋಟೆಯ ಹೊರಮೈ

ಇನ್ನೊಬ್ಬರ ಕಾಗದವನ್ನು ಒಡೆದು ಓದಬಾರದೆಂದು ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಆದರೆ ಲಕೋಟೆಯ ಮೇಲಿನ ವಿಳಾಸವನ್ನು ಓದಬಹುದೆ? ಅಂಚೆಯವನು ಓದದಿದ್ದರೆ ಕಾಗದ ಮುಟ್ಟುವುದೇ ಇಲ್ಲ. ಓದುವುದು ಅವನ ಧರ್ಮ. ಓದಿದ್ದನ್ನು ಯಾರದೋ ಜಗಲಿಯಲ್ಲಿ ಕುಳಿತು ಹೇಳುವುದು ಅಧರ್ಮ. ಈ ಹಳೆಯ ಪ್ರಶ್ನೆಯೇ ಈಗ ಕಂಪ್ಯೂಟರುಗಳ ಲೋಕದಲ್ಲಿ ಮತ್ತೆ ಎದುರಾಗಿದೆ.

ಈಥರ್‌ಏಪ್ ಎಂಬ ಒಂದು ತಂತ್ರಾಂಶ ಉಂಟು. ಜಾಲದಲ್ಲಿ ಯಾವ ಯಂತ್ರ ಯಾವುದರೊಡನೆ ಮಾತಾಡುತ್ತಿದೆ ಎಂಬುದನ್ನು ಅದು ಪರದೆಯ ಮೇಲೆ ಚಿತ್ರವಾಗಿ ತೋರಿಸುತ್ತದೆ. ಒಂದೊಂದು ಯಂತ್ರಕ್ಕೆ ಒಂದೊಂದು ಚುಕ್ಕೆ. ಚುಕ್ಕೆಯಿಂದ ಚುಕ್ಕೆಗೆ ಗೆರೆ. ಸಾಗಾಟ ಹೆಚ್ಚಿದಂತೆ ಗೆರೆ ದಪ್ಪವಾಗುತ್ತದೆ. ಸಂಪರ್ಕದ ಬಗೆ ಬೇರೆಯಾದರೆ ಬಣ್ಣವೂ ಬೇರೆ.

ಪುತ್ತೂರಿನ ಕಡೆಯವನಾದ ನನಗೆ ಇದನ್ನು ನೋಡಿದಾಗ ಉಪ್ಪಿನಂಗಡಿಯ ಸಂಗಮ ನೆನಪಾಯಿತು. ಕುಮಾರಧಾರೆ ಕೆಂಪಾಗಿ ಉಬ್ಬಿ ಬಂದು ನೇತ್ರಾವತಿಯನ್ನು ಸೇರುವುದನ್ನು ಕಂಡವರು, ಘಟ್ಟದಲ್ಲಿ ಮಳೆಯಾಗಿದೆ ಎನ್ನುತ್ತಾರೆ. ಆ ಊಹೆ ಸಾಮಾನ್ಯವಾಗಿ ತಪ್ಪುವುದಿಲ್ಲ. ಮನುಷ್ಯನ ವಿಷಯ ಹಾಗಲ್ಲ. ರಾತ್ರಿ ಹತ್ತಕ್ಕೆ ಒಂದು ಗೆರೆ ದಪ್ಪವಾದರೆ ಹುಡುಗ ಸಿನಿಮಾ ನೋಡುತ್ತಿರಬಹುದು, ಉಪನ್ಯಾಸ ಕೇಳುತ್ತಿರಬಹುದು. ಯಂತ್ರ ತಾನಾಗಿಯೇ ತನ್ನ ತಂತ್ರಾಂಶವನ್ನು ಹೊಸದು ಮಾಡಿಕೊಳ್ಳುತ್ತಿರಲೂಬಹುದು. ಗೆರೆ ‘ಎಷ್ಟು’ ಎಂದು ಹೇಳುತ್ತದೆ, ‘ಏಕೆ’ ಎಂದು ಹೇಳುವುದಿಲ್ಲ. ಆ ‘ಏಕೆ’ಯನ್ನು ನಮ್ಮ ಮನಸ್ಸಿನ ಗುಮಾನಿಯಿಂದ ತುಂಬುವವರು ನಾವೇ.

ಇಂದಿನ ಹೆಚ್ಚಿನ ಮಾತುಕತೆ ಗೂಢಲಿಪಿಯಲ್ಲಿ ಸಾಗುತ್ತದೆ, ಒಳಗಿನದು ಕಾಣದಿರುವಾಗ ಹಾನಿಯೇನು ಎಂದು ಕೇಳುವವರುಂಟು. ಸುಳ್ಯದ ಒಬ್ಬ ಗೃಹಿಣಿ ವಾರವಾರವೂ ವಕೀಲರೊಬ್ಬರನ್ನು, ಕಡಬದ ಒಬ್ಬ ತರುಣ ಮನೋವೈದ್ಯರೊಬ್ಬರನ್ನು ಸಂಪರ್ಕಿಸುತ್ತಾರೆ ಎಂದಿಟ್ಟುಕೊಳ್ಳಿ. ಒಂದು ಮಾತೂ ಕೇಳಿಸಬೇಕಾಗಿಲ್ಲ. ವಿಳಾಸವೊಂದೇ ಸಾಕು, ಊರು ಕತೆ ಕಟ್ಟುತ್ತದೆ.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ಮಂದಿ ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿದರು. ಅದು ದೊಡ್ಡ ಆಸರೆ. ಆದರೆ ಪರದೆಯ ಮುಂದೆ ಒಬ್ಬನೇ ಕುಳಿತವನ ಪಕ್ಕದಲ್ಲಿ ಕಾನೂನು ಬಂದು ಕುಳಿತಿರುವುದಿಲ್ಲ; ಅಲ್ಲಿರುವುದು ಅವನ ಮನಸ್ಸಾಕ್ಷಿ ಮಾತ್ರ.

ಹಾಗೆಂದು ಈ ಸಾಧನ ಬೇಡವೆನ್ನಲಾಗದು. ವೈರಸ್ ಹತ್ತಿದ ಯಂತ್ರವೊಂದು ಜಾಲವನ್ನೆಲ್ಲ ಕಟ್ಟಿಹಾಕಿದಾಗ ಅದನ್ನು ಹುಡುಕಿ ತೆಗೆಯಲು ಇಂಥ ಕಣ್ಣು ಬೇಕೇ ಬೇಕು. ಆ ಕಣ್ಣು ಜಾಲದ ರೋಗವನ್ನು ಹುಡುಕಲಿ, ಜನರ ನಡತೆಯನ್ನಲ್ಲ. ನೋಡುವವರು ತಾವು ನೋಡುತ್ತಿರುವುದನ್ನು ಮೊದಲೇ ತಿಳಿಸಲಿ. ಕೆಲಸಕ್ಕೆ ಬೇಕಾದಷ್ಟನ್ನೇ ನೋಡಿ, ಮಿಕ್ಕದ್ದನ್ನು ಬಾಯಿಗೆ ತಾರದಿರಲಿ. ಕಂಡೂ ಸುಮ್ಮನಿರಬಲ್ಲವನ ಕೈಗಲ್ಲದೆ ಇಂಥ ಕೆಲಸವನ್ನು ಒಪ್ಪಿಸಬಾರದು.