ದೊಡ್ಡ ಮನೆ ಖಾಲಿ ಮಾಡುವ ಮುನ್ನ

ಮೈಸೂರಿನ ಸರಸ್ವತೀಪುರಂ, ಲಕ್ಷ್ಮೀಪುರಂ, ಜಯಲಕ್ಷ್ಮೀಪುರಂ ಕಡೆ ಓಡಾಡುವವರಿಗೆ ಈ ನೋಟ ಹೊಸದಲ್ಲ. ಗೇಟಿನ ಮುಂದೆ ಟೆಂಪೊ ನಿಂತಿರುತ್ತದೆ. ಜಗಲಿಯ ತುಂಬ ಮಂಚದ ಕಾಲು, ತಾಮ್ರದ ಹಂಡೆ, ಹೊಲಿಗೆ ಯಂತ್ರ, ರಟ್ಟಿನ ಪೆಟ್ಟಿಗೆ. ಮಕ್ಕಳು ಅಮೆರಿಕದಲ್ಲಿ ನೆಲೆಸಿದ್ದಾರೆ, ಗ್ರೀನ್ ಕಾರ್ಡ್ ಕೈಗೆ ಬಂದಿದೆ, ಎಪ್ಪತ್ತು ದಾಟಿದ ದಂಪತಿ ಮನೆ ಖಾಲಿ ಮಾಡುತ್ತಿದ್ದಾರೆ. ನೋಡಲು ಬಂದವರೆಲ್ಲ ‘ಪುಣ್ಯವಂತರು, ಮಕ್ಕಳ ಜೊತೆ ಹಾಯಾಗಿರ್ತೀರಿ’ ಅನ್ನುತ್ತಾರೆ. ಮಾತು ಸುಳ್ಳಲ್ಲ. ಆದರೆ ಅದಕ್ಕೆ ತಲೆಯಾಡಿಸುವ ಆ ಹೆಂಗಸು ಎಷ್ಟೋ ರಾತ್ರಿಗಳಿಂದ ಸರಿಯಾಗಿ ನಿದ್ದೆ ಮಾಡಿರುವುದಿಲ್ಲ.

ಅಮೆರಿಕಕ್ಕೆ ಹೋಗುವ ವಿಮಾನಗಳಲ್ಲಿ ಸಾಮಾನ್ಯವಾಗಿ ತಲಾ 23 ಕಿಲೋದ ಎರಡು ಪೆಟ್ಟಿಗೆಗೆ ಅವಕಾಶ. ಅಂದರೆ ಒಬ್ಬರಿಗೆ 46 ಕಿಲೋ. ನಾಲ್ಕು ಕೋಣೆ, ಅಟ್ಟ, ಹಿತ್ತಿಲು, ದೇವರ ಮನೆ, ಎರಡು ತಲೆಮಾರಿನ ಪಾತ್ರೆ, ಮೂರು ತಲೆಮಾರಿನ ಫೋಟೊ, ಎಲ್ಲವೂ ಇಷ್ಟರೊಳಗೆ ಇಳಿಯಬೇಕು.

ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ ಎಂಬ ಅಮೆರಿಕದ ಮನೋವೈದ್ಯರು 1967ರಲ್ಲಿ ಬದುಕಿನ ಒತ್ತಡಗಳಿಗೆ ಅಂಕ ಕೊಟ್ಟು ಒಂದು ಪಟ್ಟಿ ಮಾಡಿದರು. ಸಂಗಾತಿಯ ಸಾವಿಗೆ ಅದರಲ್ಲಿ 100 ಅಂಕ. ವಾಸದ ಮನೆ ಬದಲಾವಣೆಗೆ ಬರೀ 20. ಬೀದಿಯಿಂದ ಬೀದಿಗೆ ಹೋಗುವವರಿಗೆ ಅದು ಸರಿಯಿರಬಹುದು. ಪರದೇಶಕ್ಕೆ ಹೊರಟವರ ಲೆಕ್ಕವನ್ನು ಅದೇ ಪಟ್ಟಿಯಿಂದ ಮಾಡಿ ನೋಡಿ. ಬದುಕುವ ಪರಿಸ್ಥಿತಿಯ ಬದಲಾವಣೆಗೆ 25, ಸಾಮಾಜಿಕ ಚಟುವಟಿಕೆಗಳು ಬದಲಾಗುವುದಕ್ಕೆ 18, ನಿದ್ದೆಯ ಪದ್ಧತಿಗೆ 16, ಊಟದ ಪದ್ಧತಿಗೆ 15. ಮನೆಯ 20ನ್ನೂ ಸೇರಿಸಿದರೆ 94. ಇಷ್ಟು ಭಾರ ಹೊತ್ತವರ ಮುಂದೆ ನಾವು ಪ್ಯಾಕಿಂಗ್ ಟೇಪು ಹಿಡಿದು ನಿಂತು ‘ಬೇಗ ಹೇಳಮ್ಮ, ಇದು ಬೇಕೋ ಬೇಡವೋ’ ಎಂದು ಕೇಳುತ್ತೇವೆ.

ಸುಸ್ತು ಮಾಡುವುದು ಆ ಪ್ರಶ್ನೆಯೇ. ಹಂಡೆ ಎತ್ತಲು ಆಳು ಸಿಗುತ್ತಾರೆ. ಅದು ಯಾರ ಮನೆಗೆ ಹೋಗಬೇಕೆಂದು ಹೇಳಲು ಆಳು ಸಿಗುವುದಿಲ್ಲ. ಒಂದು ಕಪಾಟು ತೆರೆದರೆ ನೂರು ತೀರ್ಮಾನ. ಸೇರು, ಪಾವು, ಚಟಾಕು, ಮಗನ ಮೊದಲ ಸ್ಲೇಟು, ಯಾರದೋ ನಾಮಕರಣಕ್ಕೆ ಬಂದ ಬೆಳ್ಳಿ ಒಳಲೆ, ಎಂದೋ ತೀರಿದ ಸಾಲದ ಪತ್ರ. ಬೆಳಿಗ್ಗೆ ಕೂತವರು ಮಧ್ಯಾಹ್ನದ ಹೊತ್ತಿಗೆ ಸೋತು, ‘ಏನಾದರೂ ಮಾಡಿಕೊಳ್ಳಿ’ ಎಂದು ಎದ್ದುಬಿಡುತ್ತಾರೆ. ಆ ಮಾತನ್ನು ಒಪ್ಪಿಗೆ ಎಂದು ತಿಳಿಯುವುದು ನಾವು ಹಿರಿಯರಿಗೆ ಮಾಡುವ ಅನ್ಯಾಯ.

ದಸರಾ ಬೊಂಬೆಗಳ ಪೆಟ್ಟಿಗೆ ತೆರೆದಾಗಲಂತೂ ಕೆಲಸ ನಿಂತೇ ಹೋಗುತ್ತದೆ. ಹಳೆ ಸೀರೆಯ ತುಂಡಿನಲ್ಲಿ ಸುತ್ತಿಟ್ಟ ಪಟ್ಟದ ಗೊಂಬೆಗಳು ಹಳೆ ಮೈಸೂರು ಸೀಮೆಯಲ್ಲಿ ಮದುವೆಯಲ್ಲಿ ಮಗಳ ಜೊತೆ ಬರುವಂಥವು. ಬೇರೆ ಏನೂ ಬೇಡ, ರಾಜ ರಾಣಿ ಎರಡನ್ನಾದರೂ ಒಯ್ಯೋಣ ಎಂದು ಮನಸ್ಸು ಹೇಳುತ್ತದೆ. ಆದರೆ ಅವು ರಕ್ತಚಂದನದವಾದರೆ, ಆ ಮರ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿದೆ, ಪರವಾನಗಿ ಇಲ್ಲದೆ ಗಡಿ ದಾಟಿಸುವಂತಿಲ್ಲ. ಬೃಂದಾವನದ ತುಳಸಿಯೂ ಮಣ್ಣಿನ ಸಮೇತ ಅಮೆರಿಕದ ಒಳಗೆ ಹೋಗದು. ನಮ್ಮದೇ 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ವಿಗ್ರಹ, ಚಿತ್ರಪಟಗಳನ್ನೂ 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿಗಳನ್ನೂ ಖಾಸಗಿಯವರು ದೇಶದ ಹೊರಗೆ ಸಾಗಿಸುವಂತಿಲ್ಲ. ಮುತ್ತಜ್ಜನ ಪೂಜೆಯ ವಿಗ್ರಹದ ವಯಸ್ಸಿನ ಬಗ್ಗೆ ಅನುಮಾನವಿದ್ದರೆ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಮೊದಲೇ ಪ್ರಮಾಣಪತ್ರ ಪಡೆಯಬೇಕು. ಇದೆಲ್ಲ ಗೊತ್ತಾಗುವುದು ಬಹಳ ಸಲ ಹೊರಡುವ ಹಿಂದಿನ ವಾರ. ಆಗ ಕಣ್ಣೀರಿಗೂ ಪುರುಸೊತ್ತಿರುವುದಿಲ್ಲ.

ಅವಸರದಲ್ಲಿ ಎಲ್ಲವೂ ರದ್ದಿಯಾಗುತ್ತದೆ. ಮಗ ಬಂದಿರುವುದು ಎರಡು ಮೂರು ವಾರದ ರಜೆಯ ಮೇಲೆ. ಬ್ಯಾಂಕಿನ ಖಾತೆಯನ್ನು ಅನಿವಾಸಿ ಖಾತೆಗೆ ಬದಲಾಯಿಸಬೇಕು, ಗ್ಯಾಸ್ ಸಂಪರ್ಕ ಒಪ್ಪಿಸಬೇಕು, ಪಿಂಚಣಿಗೆ ಪ್ರತಿವರ್ಷ ಕೊಡುವ ಜೀವಿತ ಪ್ರಮಾಣಪತ್ರ ಅಲ್ಲಿಂದ ಹೇಗೆ ಕಳಿಸುವುದೆಂದು ವಿಚಾರಿಸಬೇಕು. ಕೊನೆಯ ಎರಡು ದಿನ ಉಳಿದಾಗ ಹಿತ್ತಾಳೆಯೆಲ್ಲ ತಕ್ಕಡಿಗೆ, ಪುಸ್ತಕವೆಲ್ಲ ಗುಜರಿಗೆ. ಮಗನನ್ನು ದೂರಿ ಫಲವಿಲ್ಲ, ಅವನೂ ಬಳಲಿದ್ದಾನೆ. ಆದರೆ ಅಟ್ಟದ ಮೂಲೆಯಲ್ಲಿದ್ದ ಓಲೆಗರಿಯ ಕಟ್ಟು ಏನೆಂದು ನೋಡಿದವರು ಯಾರು? ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ 1891ರಲ್ಲಿ ಶುರುವಾದ ಸಂಸ್ಥೆ. ತಂಜಾವೂರು ಸೀಮೆಯ ಪಂಡಿತರೊಬ್ಬರು ಅಲ್ಲಿಗೆ ತಂದೊಪ್ಪಿಸಿದ ಓಲೆಗರಿಗಳಲ್ಲೇ ಕೌಟಿಲ್ಯನ ಅರ್ಥಶಾಸ್ತ್ರ ಸಿಕ್ಕಿತು. ಆರ್. ಶಾಮಶಾಸ್ತ್ರಿಗಳು ಅದನ್ನು ಗುರುತಿಸಿ 1909ರಲ್ಲಿ ಪ್ರಕಟಿಸಿದರು. ಎಲ್ಲ ಅಟ್ಟದಲ್ಲೂ ಅರ್ಥಶಾಸ್ತ್ರ ಇರುವುದಿಲ್ಲ, ಒಪ್ಪೋಣ. ಆದರೂ ಬಲ್ಲವರ ಕಣ್ಣಿಗೆ ಒಮ್ಮೆ ಬೀಳುವ ಹಕ್ಕು ಆ ಕಟ್ಟಿಗಿದೆ.

ಮಣಿಪಾಲದ ವಿಜಯನಾಥ ಶೆಣೈ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದವರು. ಹಳೆಯ ಮನೆಗಳನ್ನು ಕೆಡವಿ ಕಂಬ, ಬಾಗಿಲು, ದೀಪ, ಪಾತ್ರೆಗಳನ್ನು ಕಂಡಕಂಡವರಿಗೆ ಮಾರುವುದನ್ನು ನೋಡಲಾರದೆ ಕೂಡಿಸತೊಡಗಿದರು. ಅವುಗಳಿಂದಲೇ ತಮ್ಮ ಹಸ್ತಶಿಲ್ಪ ಮನೆಯನ್ನು ಕಟ್ಟಿಕೊಂಡರು. ಮುಂದೆ ಇಡೀ ಮನೆಗಳನ್ನೇ ಬಿಚ್ಚಿ ತಂದು ಮಣಿಪಾಲದಲ್ಲಿ ಮರುಜೋಡಿಸಿದರು. ಒಬ್ಬರು ಸಮಯ ಕೊಟ್ಟರೆ ಎಷ್ಟು ಉಳಿಯುತ್ತದೆ ಎಂಬುದನ್ನು ಅಲ್ಲಿ ಹೋಗಿ ನೋಡಬಹುದು.

ನನಗನ್ನಿಸುವುದು ಇಷ್ಟು. ಮನೆಯನ್ನು ಮುಚ್ಚುವುದಕ್ಕೂ ಒಂದು ಕ್ರಮ ಬೇಕು, ಅದಕ್ಕೆ ಒಂದು ವರ್ಷವಾದರೂ ಬೇಕು. ಕೊಡುವವರ ಕೈಯಿಂದಲೇ ಕೊಡಿಸಬೇಕು. ಒಳಲೆ ತಮ್ಮನ ಮೊಮ್ಮಗುವಿಗೆ, ಬೊಂಬೆಗಳು ಪ್ರತಿವರ್ಷ ಕೂರಿಸುವ ಪಕ್ಕದ ಮನೆಯ ಸೊಸೆಗೆ, ಹೊಲಿಗೆ ಯಂತ್ರ ಇಷ್ಟು ವರ್ಷ ಮನೆಗೆಲಸಕ್ಕೆ ಬಂದವಳ ಮಗಳಿಗೆ, ಪುಸ್ತಕ ಹಳ್ಳಿಯ ಗ್ರಂಥಾಲಯಕ್ಕೆ. ಕೊಡುವಾಗ ಆ ವಸ್ತುವಿನ ಕಥೆ ಹೇಳಲು ಅಜ್ಜಿಗೆ ಒಂದು ಸಂಜೆ ಸಿಗಬೇಕು. ಇಂಥವರ ಮನೆಯಲ್ಲಿ ಬೊಂಬೆ ಕೂತಿದೆ ಎಂದು ಗೊತ್ತಿದ್ದರೆ ನ್ಯೂಜೆರ್ಸಿಯಲ್ಲಿ ಕೂತು ನವರಾತ್ರಿಯ ದಿನ ಫೋನು ಮಾಡಬಹುದು. ತಕ್ಕಡಿಗೆ ಹೋದದ್ದನ್ನು ವಿಚಾರಿಸಲು ಯಾರಿಗೆ ಫೋನು ಮಾಡುವುದು?

ಫೋಟೊಗಳ ಹಿಂದೆ ಹೆಸರು ಬರೆಸಿಕೊಳ್ಳಿ. ಗುರುತು ಹಿಡಿಯಬಲ್ಲವರು ಈಗ ಇಬ್ಬರೇ ಉಳಿದಿದ್ದಾರೆ.

ಹೊರದೇಶದಲ್ಲಿರುವ ಮಕ್ಕಳಲ್ಲಿ ಒಂದು ಕೋರಿಕೆ. ಅಪ್ಪ ಅಮ್ಮನನ್ನು ಕರೆದೊಯ್ಯುವ ಟಿಕೆಟ್ಟಿಗೆ ಮೊದಲು ಇನ್ನೊಂದು ಟಿಕೆಟ್ಟು ಮಾಡಿಸಿ, ನಿಮಗಾಗಿ. ಆ ರಜೆಯಲ್ಲಿ ಬ್ಯಾಂಕಿಗೂ ಕಚೇರಿಗೂ ಹೋಗಬೇಡಿ. ಅಮ್ಮನ ಪಕ್ಕ ನೆಲದ ಮೇಲೆ ಕೂತು ಒಂದೊಂದೇ ಕಪಾಟು ತೆಗೆಯಿರಿ.