ಇನ್ನು ಆರಿಸಬಹುದು

ಒಂದು ಕೆಲಸವು ಮುಗಿಯಿತೆಂದು ಹೇಳತಕ್ಕವರು ಯಾರು? ಮಾಡಿದವನೋ, ಮಾಡಿಸಿದವನೋ? ಮಾಡಿಸಿದವನಿಗೆ ಸಾಕೆನಿಸಿದ ಮಾತ್ರಕ್ಕೆ ಕೆಲಸವು ಮುಗಿದಂತಾಗುವುದಿಲ್ಲ. ಮಾಡಿದವನು ಮುಗಿಸಿದ್ದರೂ ಆ ಸಂಗತಿಯು ಮಾಡಿಸಿದವನಿಗೆ ತಿಳಿಯದಿದ್ದರೆ ಅವನಿಗೆ ನೆಮ್ಮದಿಯಿಲ್ಲ. ಆಳು ಹಿತ್ತಿಲ ಬಾಗಿಲಿಗೆ ಅಗಳಿ ಹಾಕಿ ಬಂದು, ಹಾಕಿದೆನೆಂದು ಹೇಳಿದ ಮೇಲೆಯೇ ಯಜಮಾನನು ದೀಪವನ್ನು ಸಣ್ಣದು ಮಾಡುವುದು. ಈ ಪ್ರಶ್ನೆಯು ಮನುಷ್ಯನಿಗೂ ಗಣಕಯಂತ್ರಕ್ಕೂ ನಡುವೆಯೂ ಒಮ್ಮೆ ಹುಟ್ಟಿತ್ತು. ಅದಕ್ಕೆ ದೊರೆತ ಉತ್ತರವು ಕೆಲವು ವರ್ಷಗಳ ಕಾಲ, ಕಪ್ಪು ಪರದೆಯ ಮೇಲೆ ಕಿತ್ತಳೆಯ ಬಣ್ಣದ ಅಕ್ಷರಗಳಲ್ಲಿ, ಕೋಟ್ಯಂತರ ಮೇಜುಗಳ ಮೇಲೆ ಕಾಣಿಸುತ್ತಿತ್ತು.

1995ನೆಯ ಆಗಸ್ಟ್ 24ರಂದು ಮೈಕ್ರೋಸಾಫ್ಟ್ ಸಂಸ್ಥೆಯು ಹೊರತಂದ ವಿಂಡೋಸ್ 95 ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ಬಳಸಿದವರಿಗೆ ಆ ಪರದೆಯ ನೆನಪು ಇದ್ದೇ ಇರುವುದು. ಕೆಲಸವನ್ನು ನಿಲ್ಲಿಸಬೇಕೆಂದವನು ಮೊದಲು ‘ಸ್ಟಾರ್ಟ್’ ಎಂಬ ಗುಂಡಿಯನ್ನೇ ಒತ್ತಬೇಕಾಗಿತ್ತು. ಮುಕ್ತಾಯಕ್ಕೆ ಆರಂಭದ ಬಾಗಿಲಿನಿಂದಲೇ ಹೋಗಬೇಕೆಂಬ ಈ ವಿಧಿಯನ್ನು ಕಂಡು ನಗದವರು ವಿರಳ. ಅಲ್ಲಿ ‘ಶಟ್ ಡೌನ್’ ಎಂಬುದನ್ನು ಆಯ್ದುಕೊಂಡರೆ, ತುಸು ತಾಳಬೇಕೆಂದು ಕೇಳಿಕೊಳ್ಳುವ ಒಂದು ಚಿತ್ರವು ಬರುತ್ತಿತ್ತು. ಅದು ಹೋದ ಮೇಲೆ ಎಲ್ಲವೂ ಕಪ್ಪಾಗಿ, ಇನ್ನು ಕಂಪ್ಯೂಟರನ್ನು ಆರಿಸಿದರೆ ಅಪಾಯವಿಲ್ಲವೆಂಬ ಅರ್ಥದ ಒಂದೇ ಒಂದು ವಾಕ್ಯವು ಮೂಡುತ್ತಿತ್ತು. ಅದನ್ನು ಓದಿ, ಕುಳಿತವನು ಕೈಚಾಚಿ ಸ್ವಿಚ್ಚನ್ನು ಒತ್ತಬೇಕು. ಒತ್ತದಿದ್ದರೆ ಆ ವಾಕ್ಯವು ಬೆಳಗಾಗುವವರೆಗೂ ಹಾಗೆಯೇ ಉರಿಯುತ್ತಿರುವುದು. (ಕನ್ನಡದಲ್ಲಿ ಆರಿಸುವುದೆಂದರೆ ನಂದಿಸುವುದೂ ಹೌದು, ಆಯ್ದುಕೊಳ್ಳುವುದೂ ಹೌದು. ಇಂಗ್ಲಿಷಿನ ಮೂಲವಾಕ್ಯಕ್ಕೆ ಈ ಭಾಗ್ಯವಿಲ್ಲ.)

ಇಷ್ಟೊಂದು ಉಪಚಾರವು ಏತಕ್ಕೆ? ಗಣಕದಲ್ಲಿ ಬರೆದುದು ಇರುವ ಎಡೆಗಳು ಎರಡು: ವಿದ್ಯುತ್ತು ಇರುವವರೆಗೆ ಮಾತ್ರ ನಿಲ್ಲುವ ನೆನಪು ಒಂದು, ವಿದ್ಯುತ್ತು ಹೋದರೂ ಉಳಿಯುವ ಹಾರ್ಡ್ ಡಿಸ್ಕು ಇನ್ನೊಂದು. ಮೊದಲನೆಯದು ಬಲು ಚುರುಕು, ಎರಡನೆಯದು ಮಂದ. ಅಂಗಡಿಯಲ್ಲಿ ಗಿರಾಕಿಗಳು ನೆರೆದಿರುವಾಗ ಗುಮಾಸ್ತನು ಲೆಕ್ಕವನ್ನು ಹಲಗೆಯ ಮೇಲೆ ಗೀಚಿಕೊಂಡು, ಬಿಡುವಾದಾಗ ಖಾತೆಯ ಪುಸ್ತಕಕ್ಕೆ ಏರಿಸುವಂತೆ, ಯಂತ್ರವೂ ಬರೆಯಬೇಕಾದುದನ್ನು ನೆನಪಿನಲ್ಲಿಟ್ಟುಕೊಂಡು ಆಮೇಲೆ ಡಿಸ್ಕಿಗೆ ಇಳಿಸುತ್ತದೆ. ಕೆಲಸವು ಬೇಗ ಸಾಗುವುದೇನೋ ನಿಜ. ಆದರೆ ಹಲಗೆಯ ಲೆಕ್ಕವು ಪುಸ್ತಕಕ್ಕೆ ಏರುವ ಮೊದಲು ಯಾರಾದರೂ ಹಲಗೆಯನ್ನು ಒರಸಿಬಿಟ್ಟರೆ ಆ ದಿನದ ವ್ಯಾಪಾರವು ನಡೆದೇ ಇಲ್ಲವೆಂದು ಭಾವಿಸಬೇಕಾಗುತ್ತದೆ.

1993ರಲ್ಲಿ ಬಂದ ಎಂಎಸ್-ಡಾಸ್ 6ರಲ್ಲಿ ಸ್ಮಾರ್ಟ್‌ಡ್ರೈವ್ ಎಂಬ ಉಪಕರಣವು ಹೀಗೆಯೇ ಹಲಗೆಯ ಮೇಲೆ ಬರೆದಿಟ್ಟುಕೊಳ್ಳುತ್ತಿತ್ತು. ಡಾಸ್ ಬಳಸುವವರಿಗೆ ಕೆಲಸ ಮುಗಿದುದಕ್ಕೆ ಇದ್ದ ಗುರುತು ಒಂದೇ: ಮುಂದಿನ ಅಪ್ಪಣೆಗಾಗಿ ಕಾದಿರುವ ಚಿಹ್ನೆಯು ಪರದೆಯ ಮೇಲೆ ಮರಳಿ ಕಾಣಿಸುವುದು. ಚಿಹ್ನೆಯು ಬಂದಿತು, ಎಲ್ಲವೂ ಮುಗಿಯಿತೆಂದು ನಂಬಿ ಸ್ವಿಚ್ಚನ್ನು ಒತ್ತಿದವನ ಬರಹವು ಡಿಸ್ಕನ್ನು ಮುಟ್ಟುವ ಮುನ್ನವೇ ಅಳಿಯುವ ಸಂಭವವಿತ್ತು. ಅದೇ ವರ್ಷ ಬಂದ 6.2ನೆಯ ಆವೃತ್ತಿಯಲ್ಲಿ, ಬರೆದು ಮುಗಿಯುವವರೆಗೆ ಆ ಚಿಹ್ನೆಯು ಮರಳಬಾರದೆಂದು ಏರ್ಪಡಿಸಲಾಯಿತು. ಮೊದಲಿನ ಚಿಹ್ನೆಯು ಸುಳ್ಳನ್ನೇನೂ ಹೇಳಿರಲಿಲ್ಲ. ಮುಂದಿನ ಅಪ್ಪಣೆಗೆ ಸಿದ್ಧವೆಂದಷ್ಟೇ ಅದರ ಅರ್ಥ. ಆದರೆ ಕೇಳುವವನು ಬೇರೊಂದನ್ನು ತಿಳಿದುಕೊಳ್ಳುವನೆಂದು ಗೊತ್ತಿದ್ದೂ ಸುಮ್ಮನಿರುವ ಸತ್ಯಕ್ಕೂ ಸುಳ್ಳಿಗೂ ಅಂತರವು ಬಹಳವಿಲ್ಲ.

ಯುನಿಕ್ಸ್ ವ್ಯವಸ್ಥೆಯನ್ನು ನೋಡಿಕೊಳ್ಳುತ್ತಿದ್ದವರಲ್ಲಿ ಇನ್ನೊಂದು ಆಚಾರವಿತ್ತು. ಯಂತ್ರವನ್ನು ನಿಲ್ಲಿಸುವ ಮೊದಲು ‘ಸಿಂಕ್’ ಎಂಬ ಅಪ್ಪಣೆಯನ್ನು ಮೂರು ಸಲ, ಒಂದೊಂದನ್ನೂ ಬೇರೆ ಬೇರೆ ಸಾಲಿನಲ್ಲಿ, ಬರೆಯಬೇಕೆಂದು ಹಿರಿಯರು ಕಿರಿಯರಿಗೆ ಹೇಳಿಕೊಡುತ್ತಿದ್ದರು. ಆಚಮನದಂತೆ ಇದೂ ಮೂರು ಸಲ! ಆದರೆ ಇದು ಬರಿಯ ಮೂಢಾಚಾರವಲ್ಲ. ಮೊದಲನೆಯ ಅಪ್ಪಣೆಯಿಂದಲೇ ಬರೆಯುವ ಕೆಲಸವು ಆರಂಭವಾಗುತ್ತಿತ್ತು. ಆದರೆ ಅದು ಮುಗಿಯುವ ಮೊದಲೇ ಅಪ್ಪಣೆಯು ಮರಳಿಬಿಡುತ್ತಿತ್ತು. ಉಳಿದೆರಡನ್ನು ಬರೆಯುವಷ್ಟರಲ್ಲಿ ಡಿಸ್ಕಿಗೆ ಬೇಕಾದ ಸಮಯವು ದೊರೆಯುತ್ತಿತ್ತು. ಯಂತ್ರವು ಬಾಯಿಬಿಟ್ಟು ಹೇಳದಿರುವಲ್ಲಿ ಮನುಷ್ಯನು ಮಂತ್ರವನ್ನು ಕಟ್ಟಿಕೊಳ್ಳುತ್ತಾನೆ.

ಇವುಗಳ ಪಕ್ಕದಲ್ಲಿ ಆ ಕಿತ್ತಳೆಯ ವಾಕ್ಯವನ್ನಿಟ್ಟು ನೋಡಿದರೆ ಅದರ ಮರ್ಯಾದೆಯು ತಿಳಿಯುವುದು. ಅದು ಅಕ್ಷರಗಳಲ್ಲಿ ಬರೆದ ವಾಕ್ಯವೂ ಅಲ್ಲ. 320 ಚುಕ್ಕೆಗಳ ಅಗಲ, 400 ಚುಕ್ಕೆಗಳ ಎತ್ತರವಿರುವ ಒಂದು ಚಿತ್ರ. ‘ಲೋಗೋಸ್.ಸಿಸ್’ ಎಂಬ ಹೆಸರಿನಿಂದ ಅದು ಡಿಸ್ಕಿನಲ್ಲಿ ಮೊದಲೇ ಸಿದ್ಧವಾಗಿರುತ್ತಿತ್ತು. ವಿಂಡೋಸು ತನ್ನ ಕಿಟಕಿ, ಪಟ್ಟಿ, ಗುಂಡಿಗಳೆಲ್ಲವನ್ನೂ ಕಳಚಿದ ಮೇಲೆ ಕಾಣಿಸಬೇಕಾದುದಾದ್ದರಿಂದ, ಆ ಹೊತ್ತಿಗೆ ಹೊಸದಾಗಿ ಏನನ್ನೂ ರಚಿಸಬೇಕಾಗದಂತೆ ಚಿತ್ರವನ್ನೇ ಬರೆದಿಟ್ಟುದು ವಿವೇಕದ ಕೆಲಸ. ಚಿತ್ರದ ಹಿಂದೆ ಯಂತ್ರವು ಸತ್ತಿರಲಿಲ್ಲ. ಹಳೆಯ ಡಾಸ್ ಅಲ್ಲಿ ಎಚ್ಚರವಾಗಿಯೇ ಇರುತ್ತಿತ್ತು. ಬಲ್ಲವರು ಆ ಕಪ್ಪು ಪರದೆಯ ಮುಂದೆಯೇ ‘ಮೋಡ್ ಸಿಓ80’ ಎಂದು ಬರೆದು ಅದನ್ನು ಮಾತನಾಡಿಸುತ್ತಿದ್ದರು. ಹಾಗಾದರೆ ವಾಕ್ಯವು ಸುಳ್ಳೇ? ಅಲ್ಲ. ತಾನು ನಿಂತೆನೆಂದು ಅದು ಹೇಳಲೇ ಇಲ್ಲ. ನಿನ್ನದಾದುದು ಯಾವುದೂ ಇನ್ನು ನನ್ನ ಕೈಯಲ್ಲಿ ಉಳಿದಿಲ್ಲ, ನಂಬಿ ಇಟ್ಟುದನ್ನೆಲ್ಲ ಸ್ಥಳ ಸೇರಿಸಿದ್ದೇನೆ ಎಂಬುದೇ ಅದರ ತಾತ್ಪರ್ಯ. ನ್ಯಾಸವನ್ನು ಹಿಂದಿರುಗಿಸಿದವನು ಮುಂದಿನ ನಿರ್ಣಯವನ್ನು ಒಡೆಯನಿಗೆ ಬಿಟ್ಟು ನಿಂತಿರುವ ರೀತಿ ಅದು.

ಇದೇ ವ್ಯವಸ್ಥೆಯು ಇನ್ನೊಂದು ಸಂದರ್ಭದಲ್ಲಿ ಆಡುತ್ತಿದ್ದ ಮಾತು ಮಾತ್ರ ಇಷ್ಟು ಸಭ್ಯವಾಗಿರಲಿಲ್ಲ. 1998ರ ವಿಂಡೋಸ್ 98ರಲ್ಲಿ, ಕ್ರಮವಾಗಿ ಮುಚ್ಚದೆ ನಿಂತುಹೋದ ಯಂತ್ರವನ್ನು ಮತ್ತೆ ಹೊತ್ತಿಸಿದಾಗ, ಸರಿಯಾಗಿ ಮುಚ್ಚದಿದ್ದ ಕಾರಣ ಡಿಸ್ಕಿನಲ್ಲಿ ದೋಷಗಳಿರಬಹುದೆಂದು ಹೇಳಿ ತಪಾಸಣೆಯು ನಡೆಯುತ್ತಿತ್ತು; ಈ ಮಾತನ್ನು ಮತ್ತೆ ಕಾಣಬಾರದೆಂದಿದ್ದರೆ ಯಾವಾಗಲೂ ವಿಧಿಪೂರ್ವಕವಾಗಿ ಮುಚ್ಚಬೇಕೆಂಬ ಬುದ್ಧಿವಾದವೂ ಇರುತ್ತಿತ್ತು. ಕರೆಂಟು ಹೋಗಿದ್ದರೂ ಅದೇ ಮಾತು. ವ್ಯವಸ್ಥೆಯು ತಾನಾಗಿಯೇ ಮರಗಟ್ಟಿ, ಬೇರೆ ದಾರಿಯಿಲ್ಲದೆ ಸ್ವಿಚ್ಚನ್ನು ಒತ್ತಬೇಕಾಗಿ ಬಂದಿದ್ದರೂ ಅದೇ ಮಾತು! ತನ್ನ ತಪ್ಪಿಗೆ ತಾನೇ ಸಾಕ್ಷಿಯಿಲ್ಲದವನು ಎದುರಿಗೆ ಸಿಕ್ಕಿದವನನ್ನು ಗದರಿಸುವಂತಿದೆ ಇದು. ಕಾರಣವನ್ನು ಅರಿಯದ ಯಂತ್ರವು ಸ್ಥಿತಿಯನ್ನಷ್ಟೇ ಹೇಳಿ ಸುಮ್ಮನಾಗಬಹುದಾಗಿತ್ತು.

ಅಷ್ಟರಲ್ಲಿ ಸ್ವಿಚ್ಚಿನ ಅಧಿಕಾರವೇ ಕೈ ಬದಲಿಸತೊಡಗಿತ್ತು. ಹಳೆಯ ಪೆಟ್ಟಿಗೆಗಳಲ್ಲಿ ಸ್ವಿಚ್ಚು ವಿದ್ಯುತ್ತನ್ನು ನೇರವಾಗಿ ಕಡಿಯುತ್ತಿತ್ತು. 1995ರಲ್ಲಿ ಇಂಟೆಲ್ ಸಂಸ್ಥೆಯು ರೂಪಿಸಿದ ಎಟಿಎಕ್ಸ್ ಎಂಬ ಹೊಸ ಕ್ರಮದಲ್ಲಿ ಗುಂಡಿಯು ಬರಿಯ ಬಿನ್ನಹವಾಯಿತು. ವಿದ್ಯುತ್ತನ್ನು ನಿಲ್ಲಿಸಲು ಯಂತ್ರಕ್ಕೇ ಸಾಧ್ಯವಾಯಿತು. ಆಪಲ್ ಸಂಸ್ಥೆಯ ಮ್ಯಾಕಿಂಟಾಷ್ 2ರಲ್ಲಿ ಈ ಅನುಕೂಲವು 1987ರಲ್ಲಿಯೇ ಇತ್ತು. ಇನ್ನು ಯಾರೂ ಕಾದು ಕೂರಬೇಕಾಗಿರಲಿಲ್ಲ. ಕಾಯುವುದೇನು ಪುಣ್ಯಕಾರ್ಯವೇ ಎಂದು ಕೇಳುವವರ ಮಾತು ನ್ಯಾಯವಾದುದು. ಮರೆತು ಮಲಗಿದವರ ಮನೆಗಳಲ್ಲಿ ಆ ಕಿತ್ತಳೆಯ ವಾಕ್ಯವು ಯಾರಿಗೂ ಬೇಡದೆ ರಾತ್ರಿಯೆಲ್ಲ ವಿದ್ಯುತ್ತನ್ನು ತಿನ್ನುತ್ತಿದ್ದುದೂ ಸುಳ್ಳಲ್ಲ. ತಾನೇ ಮಾಡಬಲ್ಲುದನ್ನು ಒಡೆಯನ ಕೈಯಿಂದ ಮಾಡಿಸುವ ಸೇವಕನನ್ನು ಯಾರೂ ಹೊಗಳುವುದಿಲ್ಲ.

ಆದರೆ ಈ ಅನುಕೂಲದ ಒಳಗೆ ಒಂದು ವಿಚಿತ್ರವಾದ ಅಪಾಯವು ಅಡಗಿತ್ತು. ಹಾರ್ಡ್ ಡಿಸ್ಕುಗಳು ತಾವೂ ಒಂದು ಸಣ್ಣ ಹಲಗೆಯನ್ನು ಇಟ್ಟುಕೊಂಡಿದ್ದವು. ಗಣಕದಿಂದ ಬಂದುದನ್ನು ಅದರಲ್ಲಿ ಬರೆದುಕೊಂಡು ಆಮೇಲೆ ತಟ್ಟೆಗೆ ಇಳಿಸುತ್ತಿದ್ದವು. ಯಂತ್ರಗಳು ವೇಗವಾದಂತೆ, ವಿಂಡೋಸ್ 98 ಮತ್ತು ವಿಂಡೋಸ್ ಎಂಇ ವ್ಯವಸ್ಥೆಗಳಿದ್ದ ಕೆಲವು ಗಣಕಗಳು, ಡಿಸ್ಕು ತನ್ನ ಹಲಗೆಯನ್ನು ಬರಿದುಮಾಡುವ ಮೊದಲೇ ವಿದ್ಯುತ್ತನ್ನು ನಿಲ್ಲಿಸಿ ಬರಹವನ್ನು ಕಳೆಯತೊಡಗಿದವು. ಮೈಕ್ರೋಸಾಫ್ಟ್ ಸಂಸ್ಥೆಯು ಇದಕ್ಕೆ ಕಂಡುಕೊಂಡ ಪರಿಹಾರವು ಬಹು ಸರಳ: ನಿಲ್ಲಿಸುವ ಮುನ್ನ ಸ್ವಲ್ಪ ಹೊತ್ತು ತಡೆಯುವುದು! ಹಿಂದೆ ಈ ತಡೆಯನ್ನು ಒದಗಿಸುತ್ತಿದ್ದುದು ಮನುಷ್ಯನ ಕೈ. ವಾಕ್ಯವನ್ನು ಓದಿ, ಕುರ್ಚಿಯಲ್ಲಿ ಬಾಗಿ, ಸ್ವಿಚ್ಚನ್ನು ತಡವಿ ಹುಡುಕುವಷ್ಟರಲ್ಲಿ ಡಿಸ್ಕಿಗೆ ಬೇಕಾದ ಬಿಡುವೆಲ್ಲ ಸಿಕ್ಕಿಬಿಡುತ್ತಿತ್ತು. ಆ ಸಾವಧಾನವೂ ರಕ್ಷಣೆಯ ಒಂದು ಅಂಗವೆಂದು ಅದನ್ನು ತೆಗೆದುಹಾಕುವಾಗ ಯಾರಿಗೂ ಹೊಳೆದಂತಿಲ್ಲ.

ಹಾಗೆಂದು ಹಳೆಯ ಸ್ವಿಚ್ಚೇ ಮೇಲೆಂದು ವಾದಿಸುವುದು ಹಟವಾದೀತು. ಮಾಡುವುದು ಬೇರೆ, ಹೇಳುವುದು ಬೇರೆ. ಕೊನೆಯ ಕ್ರಿಯೆಯನ್ನು ಯಂತ್ರವು ತಾನೇ ವಹಿಸಿಕೊಂಡುದು ತಪ್ಪಲ್ಲ. ವಹಿಸಿಕೊಂಡ ಮೇಲೆ, ಮುಗಿಯಿತೆಂದು ಹೇಳುವ ಹೊಣೆಯೂ ತೀರಿತೆಂದು ಭಾವಿಸಿದುದೇ ಆಕ್ಷೇಪಣೀಯ. ಪರದೆಯು ಕಪ್ಪಾದರೆ ಎಲ್ಲವೂ ಸ್ಥಳ ಸೇರಿತೆಂದು ನಂಬಬೇಕು. ಕೆಟ್ಟು ಕಪ್ಪಾದರೂ ಪರದೆಯು ಹಾಗೆಯೇ ಕಾಣುತ್ತದೆ. ಆ ಎರಡು ಕಪ್ಪುಗಳ ನಡುವಣ ಭೇದವನ್ನು ಒಂದು ವಾಕ್ಯವು ತಿಳಿಸುತ್ತಿತ್ತು.

2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದಾಗಲೂ ಆ ವಾಕ್ಯವನ್ನು ಪೂರ್ತಿಯಾಗಿ ಅಳಿಸಿರಲಿಲ್ಲ. ತಾನಾಗಿ ವಿದ್ಯುತ್ತನ್ನು ನಿಲ್ಲಿಸಲಾರದ ಹಳೆಯ ಪೆಟ್ಟಿಗೆಯ ಮೇಲೆ ಆ ಹೊಸ ವ್ಯವಸ್ಥೆಯನ್ನು ಸ್ಥಾಪಿಸಿದವರಿಗೆ, ದಿನದ ಕೊನೆಯಲ್ಲಿ ಅದು ಮತ್ತೆ ಕಾಣಿಸಿಕೊಂಡು, ಅವರು ಎದ್ದು ಬಂದು ಸ್ವಿಚ್ಚನ್ನು ಒತ್ತುವವರೆಗೂ ಕಾದಿರುತ್ತಿತ್ತು.